ಚಿಲಕವಿಲ್ಲದ ಬಚ್ಚಲು

ಸಿಂಧನೂರಿನ ನಮ್ಮ ಮನೆಯ ಬಚ್ಚಲ ಬಾಗಿಲಿಗೆ ಬಹಳ ವರ್ಷ ಚಿಲಕ ಇರಲಿಲ್ಲ. ಚಿಲಕ ಕಿತ್ತ ಜಾಗದಲ್ಲಿ ಸ್ಕ್ರೂಗಳ ತೂತುಗಳು ಉಳಿದಿದ್ದವು. ಮುಂಜಾನೆಯ ಬಿಸಿಲು ಆ ತೂತುಗಳಿಂದ ಒಳಗೆ ಬಂದು, ನೀರಿನ ಹಬೆಯಲ್ಲಿ ಸಣ್ಣ ದಾರಗಳಂತೆ ನಿಲ್ಲುತ್ತಿತ್ತು. ನಾನು ಮೈಮೇಲೆ ನೀರು ಹಾಕಿಕೊಳ್ಳುತ್ತ, ಆ ದಾರಗಳಲ್ಲಿ ಬೆರಳಾಡಿಸುತ್ತ, ದೊಡ್ಡ ದನಿಯಲ್ಲಿ ಬಸ್ ಸ್ಟಾಪುಗಳ ಹೆಸರು ಹೇಳುತ್ತಿದ್ದೆ. ಲಿಂಗಸುಗೂರು, ಕೋರ್ಟು, ಬೇವಿನ ಗಿಡ, ಕಲ್ಲಿನ ಕ್ವಾರಿ, ಕುರಿ ದೊಡ್ಡಿ, ಹಳ್ಳ, ಮಸ್ಕಿ, ಗುಡ್ಡ, ಕೆನಾಲು, ಬಳಗಾನೂರು ಕ್ರಾಸು, ಕ್ಯಾಂಪು, ಗಿರಣಿ, ಸಿಂಧನೂರು. ಅಲ್ಲಿಗೆ ಮುಗಿಯುತ್ತಿರಲಿಲ್ಲ. ಜಳಕ ಮುಗಿಯುವ ತನಕ ಬಸ್ಸು ತಿರುಗಿಸಿಕೊಂಡು ಮತ್ತೆ ಲಿಂಗಸುಗೂರಿಗೆ ಹೋಗಬೇಕಿತ್ತು. ಬಾಗಿಲ ಹೊರಗೆ ಅವ್ವ ಮಣೆ ಹಾಕಿಕೊಂಡು ಕೂತಿರುತ್ತಿದ್ದಳು. ನನ್ನ ದನಿ ನಿಂತರೆ ಅವಳು ಬಾಗಿಲು ನೂಕಿ ಒಳಗೆ ಬರಬೇಕು ಎಂಬುದು ನಮ್ಮ ಮನೆಯ ಕಾಯಿದೆ.

ನನಗೆ ಮೂರ್ಛೆ ರೋಗವಿತ್ತು. ನಮ್ಮ ಕಡೆ ಫಿಟ್ಸ್ ಎನ್ನುತ್ತಾರೆ. ಮೊದಲನೆಯದು ಬಂದದ್ದು ಅದೇ ಬಚ್ಚಲಲ್ಲಿ, ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾಗ. ಅಪ್ಪ ಬಾಗಿಲು ಒದ್ದು ತೆಗೆದು ನನ್ನನ್ನು ಹೊರಗೆ ತಂದನಂತೆ. ಹಣೆ ಒಡೆದಿತ್ತು. ಬಿಸಿನೀರಿನ ಬಕೆಟ್ಟು ಒಂದು ಮೊಳ ಈಚೆಗಿದ್ದಿದ್ದರೆ ಈ ಕಥೆ ಹೇಳಲು ನಾನು ಇರುತ್ತಿರಲಿಲ್ಲ ಎಂದು ಅವ್ವ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅವತ್ತು ಸಂಜೆ ಅಪ್ಪ ಚಿಲಕ ಬಿಚ್ಚಿ, ಅದನ್ನು ಸ್ಕ್ರೂಗಳ ಸಮೇತ ಅರಿವೆಯಲ್ಲಿ ಕಟ್ಟಿ, ತನ್ನ ಹಳೇ ಚರ್ಮದ ಚೀಲದಲ್ಲಿ ಇಟ್ಟ. ಅಪ್ಪ ಬಸ್ ಕಂಡಕ್ಟರ್. ಕೆಲಸಕ್ಕೆ ಸೇರಿದಾಗಿನಿಂದ ಅವನಿಗೆ ಗೊತ್ತಿರುವುದು ಒಂದೇ ದಾರಿ, ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಬರುವುದು.

ಮೊದಮೊದಲು ಅವ್ವ, "ಓಂ ನಮಃ ಶಿವಾಯ ಅನ್ಕೋಂತ ಜಳಕ ಮಾಡು. ನಿನ್ನ ದನಿ ನನಗ ಕೇಳ್ತಿರ್ತದ" ಎಂದಿದ್ದಳು. ನಮ್ಮದು ಲಿಂಗಪೂಜೆ ಆಗದೆ ಬಾಯಿಗೆ ನೀರು ಮುಟ್ಟಿಸದ ಮನೆ. ಅವಳಿಗೆ ಬೇರೆ ಏನು ಹೊಳೆದೀತು. ಕೆಲವು ವಾರ ಅದೇ ನಡೆಯಿತು. ಒಂದು ದಿನ ನಾನು ಗೋಡೆಗೆ ಒರಗಿ, ಕಣ್ಣು ಎಲ್ಲೋ ನೆಟ್ಟು, ತಂಬಿಗೆ ಕೈಯಿಂದ ಜಾರಿ ಉರುಳಿದ್ದರೂ ಬಾಯಿ ಮಾತ್ರ ಶಿವಾಯ, ಶಿವಾಯ, ಶಿವಾಯ ಎನ್ನುತ್ತಲೇ ಇತ್ತಂತೆ. ಅವ್ವ ಹೊರಗೆ ಕೂತು ಮಗಳ ಭಕ್ತಿಗೆ ತಲೆದೂಗುತ್ತಿದ್ದಳು. ನಲ್ಲಿಯ ನೀರು ಹೊಸ್ತಿಲು ದಾಟಿ ಅವಳ ಸೀರೆ ತೊಯ್ದಾಗಲೇ ಗೊತ್ತಾಗಿದ್ದು, ಒಳಗೆ ನಾನಿಲ್ಲ, ಬರೀ ಬಾಯಿ ಇದೆ ಎಂದು.

ಅಪ್ಪನಿಗೆ ಸಿಟ್ಟು ಬರುವುದು ಕಡಿಮೆ. ಅವತ್ತು ಮಾತ್ರ ಬಂತು. "ದೇವರ ನಾಮ ಇದ್ದಲ್ಲೇ ತಿರುಗ್ತದ. ಇದಕ್ಕ ಮುಂದಕ್ಕ ಹೋಗೂದು ಬೇಕು" ಎಂದ. "ಸ್ಟಾಪ್ ಹೇಳಲಿ. ಒಂದರ ಹಿಂದ ಇನ್ನೊಂದು ಬಂತಂದ್ರ ಹುಡುಗಿ ಬರೋಬ್ಬರಿ ಅದಾಳ. ಬರಲಿಲ್ಲಂದ್ರ ಹೋಲ್ಡಾನ್."

ಹಾಗೆ, ಬಸ್ಸು ನಿಲ್ಲಿಸಲು ಅಪ್ಪ ಕೂಗುವ ಹೋಲ್ಡಾನ್ ಎಂಬುದು ನಮ್ಮ ಮನೆಯಲ್ಲಿ ಮೂರ್ಛೆಯ ಹೆಸರಾಯಿತು. "ನಿನ್ನೆ ಕುರಿ ದೊಡ್ಡಿ ಹತ್ರ ಹೋಲ್ಡಾನ್ ಆತು" ಎಂದು ಅವ್ವ ಅಪ್ಪನಿಗೆ ಹೇಳಿದರೆ, ಪಕ್ಕದ ಮನೆಯವರು ಬಸ್ಸು ಕೆಟ್ಟಿತ್ತು ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ ಬಿಡು ಎಂದು ನಾವೂ ಸುಮ್ಮನಿದ್ದೆವು.

ಆ ಸ್ಟಾಪುಗಳಲ್ಲಿ ಅರ್ಧದಷ್ಟು ಯಾವ ಟಿಕೆಟ್ಟಿನಲ್ಲೂ ಇರಲಿಲ್ಲ. ಬೇವಿನ ಗಿಡ, ಕ್ವಾರಿ, ಗಿರಣಿ, ಇವೆಲ್ಲ ಜನ ಕೈಮುಗಿದು "ಇಲ್ಲೇ ಇಳಿಸ್ರೀ ಯಪ್ಪಾ" ಎಂದು ಕೇಳಿ ಕೇಳಿ ಅಪ್ಪ ತಾನೇ ಮಾಡಿಕೊಂಡ ಸ್ಟಾಪುಗಳು. ನಾನು ಸಣ್ಣವಳಿದ್ದಾಗ ನಾವು ಲಿಂಗಸುಗೂರಿನಲ್ಲಿ ಬಾಡಿಗೆಗೆ ಇದ್ದೆವು. ಶಾಲೆಗೆ ಸೂಟಿ ಇದ್ದ ದಿನ ಅಪ್ಪ ನನ್ನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದವರು ಹತ್ತಿದೊಡನೆ ನಿದ್ದೆಹೋಗುತ್ತಿದ್ದರು. ಮಸ್ಕಿಯವರೆಗೆ ಕಿಟಕಿಯಲ್ಲಿ ತೊಗರಿ, ಸಜ್ಜೆ, ಕಲ್ಲು, ಕುರಿ. ಕೆನಾಲು ಬಂದಿತೆಂದರೆ ಯಾರೋ ಸೆರಗು ಬದಲಿಸಿದ ಹಾಗೆ ಇದ್ದಕ್ಕಿದ್ದಂತೆ ಹಸಿರು, ಕಣ್ಣು ಹೋಗುವ ತನಕ ಭತ್ತ. ಗಾಳಿಯೂ ತಣ್ಣಗಾಗುತ್ತಿತ್ತು. ನನಗೆ ಅಲ್ಲಿಗೇ ನಿದ್ದೆ ಹತ್ತುತ್ತಿತ್ತು. ಹಾಗಾಗಿ ಬಳಗಾನೂರು ಕ್ರಾಸಿನಿಂದ ಈಚೆಗಿನದನ್ನು ನಾನು ಕಣ್ಣಿಂದ ನೋಡಿದ್ದಕ್ಕಿಂತ ನಿದ್ದೆಯೊಳಗೆ ಅಪ್ಪನ ದನಿಯಲ್ಲಿ ಕೇಳಿದ್ದೇ ಹೆಚ್ಚು.

ಮೂರ್ಛೆಗೆ ಮುಂಚೆ ನನಗೊಂದು ಕನಸು ಬೀಳುತ್ತಿತ್ತು. ಎಚ್ಚರವಿದ್ದಾಗಲೇ. ಮೊದಲು ಭತ್ತಕ್ಕೆ ಹಬೆ ಕೊಡುವಾಗಿನ ವಾಸನೆ ಬರುವುದು, ಗಿರಣಿಯಿಂದ ಬರುತ್ತದಲ್ಲ, ಬೆಚ್ಚಗೆ, ಸಿಹಿಯಾಗಿ, ಸ್ವಲ್ಪ ಹೊಟ್ಟು ಸುಟ್ಟ ಹಾಗೆ. ಆಮೇಲೆ ಹೊಟ್ಟೆಯಿಂದ ಏನೋ ಮೇಲಕ್ಕೆ ಏರುವುದು. ಆಮೇಲೆ ಎದುರಿಗಿದ್ದದ್ದೆಲ್ಲ, ತಂಬಿಗೆ, ಸಾಬೂನು, ಬಾಗಿಲ ತೂತಿನ ಬಿಸಿಲು, ಎಲ್ಲವೂ ಹಿಂದೊಮ್ಮೆ ಹೀಗೇ ಆಗಿಹೋಗಿತ್ತು ಅನಿಸುವುದು. ಇನ್ನೇನು ಯಾರೋ ಬಂದು ಒಂದು ಮಾತು ಹೇಳುತ್ತಾರೆ, ಆ ಮಾತು ನನಗೆ ಗೊತ್ತೇ ಇದೆ, ನಾಲಿಗೆಯ ತುದಿಯಲ್ಲೇ ಇದೆ. ಅಷ್ಟರಲ್ಲಿ ಎಲ್ಲ ಹೋಗಿಬಿಡುವುದು. ಕಣ್ಣು ಬಿಟ್ಟರೆ ಅವ್ವನ ತೊಡೆ, ಕಚ್ಚಿಕೊಂಡ ನಾಲಿಗೆ, ಮೈಯೆಲ್ಲ ನೋವು, ಸುತ್ತ ಜನ. ಆ ಕನಸು ನನಗೆ ಇಷ್ಟವಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ, ಹೇಳಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಆದರೆ ಇಷ್ಟವಿತ್ತು.

ಆಮೇಲಿನದು ಇಷ್ಟವಿರಲಿಲ್ಲ. ನಮ್ಮ ಕಡೆ ಮೂರ್ಛೆ ಬಂದವರ ಕೈಯಲ್ಲಿ ಕಬ್ಬಿಣ ಹಿಡಿಸುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ, ಅದೂ ಸಿಗದಿದ್ದರೆ ಕಾಲಲ್ಲಿದ್ದದ್ದನ್ನೇ ತೆಗೆದು ಹಿಡಿಯುತ್ತಾರೆ. ಸಿಂಧನೂರಿನ ಅರ್ಧ ಮಂದಿಯ ಚಪ್ಪಲಿ ವಾಸನೆ ನನ್ನ ಮೂಗಿಗೆ ಗೊತ್ತು. ಒಬ್ಬೊಬ್ಬರನ್ನೂ ಹಿಡಿದು ಅವರವರ ಚಪ್ಪಲಿ ಅವರಿಗೇ ಮೂಸಿಸಬೇಕು ಎಂಬಷ್ಟು ಸಿಟ್ಟು ನನಗೆ. ಗುಳಿಗೆ ನುಂಗಿ ನುಂಗಿ ವಸಡು ಊದಿತ್ತು. ಒಂದು ಗುಳಿಗೆ ಕೆಲಸ ಮಾಡದಿದ್ದರೆ ಎರಡು, ಎರಡು ಮಾಡದಿದ್ದರೆ ಬೇರೆ. ಒಲೆ ಮುಂದೆ ಕೂಡಬೇಡ, ಕೆನಾಲಿನ ಕಡೆ ಹೋಗಬೇಡ, ಮಾಳಿಗೆ ಹತ್ತಬೇಡ. ಮನೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟಿ ಕೊಡುವುದೊಂದು ನನಗೆ ಬಿಟ್ಟ ಕೆಲಸ. ಮದುವೆ ಹೆಣ್ಣುಗಳ ಸೀರೆಗೆಲ್ಲ ನಾನೇ ಕುಚ್ಚು ಕಟ್ಟಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ನನಗೆ ಬೇಕಾದದ್ದು ಒಂದೇ ಇತ್ತು. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ಒಂದು ಜಳಕ. ಬೆಳೆದ ಹೆಂಗಸು ದಿನಾ ಬತ್ತಲೆ ನಿಂತು ಬಸ್ಸು ಓಡಿಸುವುದು ಏನೆಂದು ಅನುಭವಿಸಿದವರಿಗೇ ಗೊತ್ತು.

ನಮ್ಮೂರಿನ ಡಾಕ್ಟರೇ ಒಂದು ದಿನ ಕೈಚೆಲ್ಲಿ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿ ಮಿದುಳಿನ ಒಂದು ಚೂರು ತೆಗೆದು ಮೂರ್ಛೆ ನಿಲ್ಲಿಸುತ್ತಾರಂತೆ, ಎಲ್ಲರಿಗೂ ಆಗುವುದಿಲ್ಲವಂತೆ, ಯಾವ ಚೂರು ಎಂದು ಮೊದಲು ಹುಡುಕಬೇಕಂತೆ. ಅಪ್ಪ ರಜೆ ಹಾಕಿದ. ಅವ್ವ ರೊಟ್ಟಿ ಕಟ್ಟಿದಳು, ಡಬ್ಬಿಯ ತುಂಬ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ತುಂಬಿದಳು. ಮೂವರೂ ಹೊರಟೆವು.

ಆಸ್ಪತ್ರೆಯಲ್ಲಿ ನನ್ನ ತಲೆಗೆ ಅಂಟು ಹಚ್ಚಿ ವಾಯರುಗಳನ್ನು ಕೂಡಿಸಿದರು. ಗೋಡೆಯ ಮೇಲೆ ಕ್ಯಾಮೆರಾ. ವಾಯರುಗಳಿಂದ ಬರುವ ಗೆರೆಗಳನ್ನು ನೋಡಲು ಒಬ್ಬ ಡಾಕ್ಟರಮ್ಮ ಇದ್ದರು. ನನ್ನ ವಯಸ್ಸಿನವರೇ ಇರಬೇಕು, ಬೆಂಗಳೂರಿನ ಕಡೆಯ ಮಾತು. ಅವರು ಹೇಳಿದರು, "ನಿಮ್ಮ ಮಾತ್ರೆ ಕಮ್ಮಿ ಮಾಡ್ತಾ ಬರ್ತೀವಿ. ಇಲ್ಲಿ ನಮ್ಮ ಕಣ್ಣ ಮುಂದೇನೇ ಫಿಟ್ಸ್ ಬರಬೇಕು. ಬಂದರೆ ಎಲ್ಲಿಂದ ಶುರುವಾಗುತ್ತೆ ಅಂತ ತಿಳಿಯುತ್ತೆ."

ಕಾದೆವು. ಬರಲಿಲ್ಲ. ಮನೆಯಲ್ಲಿ ಬೇಡ ಬೇಡವೆಂದರೂ ವಾರಕ್ಕೆರಡು ಸಲ ಬರುತ್ತಿದ್ದದ್ದು, ಬಾ ಎಂದು ಹಾಸಿಗೆ ಹಾಸಿ ಕರೆದರೆ ಬರಲೊಲ್ಲದು. ಡಾಕ್ಟರಮ್ಮ ದಿನಾ ಗೆರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿಕೊಂಡು ಹೋಗುತ್ತಿದ್ದರು. ನಾನು ವಾಯರುಗಳ ಜಡೆ ಹೊತ್ತುಕೊಂಡು ಅರೆನಿದ್ದೆಯಲ್ಲಿ ಬಿದ್ದಿರುತ್ತಿದ್ದೆ. ನನ್ನ ರೋಗಕ್ಕೂ ದೊಡ್ಡ ಊರೆಂದರೆ ನಾಚಿಕೆ ಅಂದುಕೊಂಡೆ. ಒಂದು ಮಧ್ಯಾಹ್ನ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ಬಾಯಿಗಿಟ್ಟರೆ ಕಹಿ. ಹಿಂದಿನ ದಿನವೂ ಕಹಿ ಅನಿಸಿತ್ತು, ಶೇಂಗಾ ಮುಗ್ಗಿರಬೇಕು ಅಂದುಕೊಂಡಿದ್ದೆ. ಈ ಸಲ ನಾಲಿಗೆಗೆ ಗುರುತು ಹತ್ತಿತು. ಅದು ನಾನು ವರ್ಷಗಟ್ಟಲೆ ನುಂಗಿದ ಗುಳಿಗೆಯ ಕಹಿ.

"ಅವ್ವ, ಹಿಂಡ್ಯಾಗ ಏನು ಹಾಕೀದಿ?"

ಅವಳು ಡಬ್ಬಿಯ ಮುಚ್ಚಳ ತಿರುವುತ್ತ ಕೂತಳು. ಮನೆಯಿಂದ ತಂದ ಹಳೇ ಗುಳಿಗೆಗಳನ್ನು ವಿಭೂತಿಯ ಹಾಗೆ ನುಣ್ಣಗೆ ಅರೆದು, ದಿನಾ ನನ್ನ ಪಾಲಿನ ಹಿಂಡಿಯಲ್ಲಿ ಕಲಸುತ್ತಿದ್ದಳು. ಅಪ್ಪನಿಗೂ ಹೇಳಿರಲಿಲ್ಲ.

"ನಿನಗೇನು ಬುದ್ಧಿ ಅದನೋ ಇಲ್ಲೋ" ಎಂದೆ ನಾನು. "ಅವರು ಬರಲಿ ಅಂತ ಕಾಯಾಕತ್ಯಾರ, ನೀ ಬರಬ್ಯಾಡ ಅಂತ ಮದ್ದು ಇಡಾಕತ್ತೀದಿ."

"ಮಗಳಿಗೆ ಮೂರ್ಛಿ ಬರಲಿ ಅಂತ ಕಾಯೋ ತಾಯಿ ಯಾವ ಊರಾಗ ಅದಾಳ, ತೋರಿಸು" ಎಂದಳು ಅವ್ವ. "ಅವರಿಗೆ ಬೇಕಂದ್ರ ಅವರ ಮಕ್ಕಳಿಗೆ ತರಿಸಿಕೊಳ್ಳಲಿ."

ಡಾಕ್ಟರಮ್ಮನಿಗೆ ಹೇಳಲೇಬೇಕಾಯಿತು. ಬೈಯುತ್ತಾರೆ ಅಂದುಕೊಂಡರೆ ಅವರು ಅವ್ವನ ಪಕ್ಕದಲ್ಲಿ ಮಂಚದ ಮೇಲೆ ಕೂತರು. "ಅಮ್ಮ, ಕಳ್ಳ ಮನೆಯೊಳಗಿದ್ದಾನೆ. ಇಷ್ಟು ವರ್ಷ ನೀವು ಅವನನ್ನ ಮಲಗಿಸಿಟ್ಟಿದ್ದೀರಿ. ಹಿಡೀಬೇಕು ಅಂದ್ರೆ ಒಂದ್ಸಲ ಎಬ್ಬಿಸಲೇಬೇಕು. ನಾನು ಇಲ್ಲೇ ಇರ್ತೀನಿ" ಎಂದರು. ಅವ್ವ ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. ಮರುದಿನದಿಂದ ನಾನು ಆಸ್ಪತ್ರೆಯ ಸಪ್ಪೆ ಸಾರು ಉಂಡೆ, ಮತ್ತೆ ಕಾಯುವುದು ಸುರುವಾಯಿತು, ಅದು ಬಂತು. ಬಂದಾಗ ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳಂತೆ.

ಗೆರೆಗಳನ್ನು ನೋಡಿ ಅವರು ಎಡಗಡೆ, ಕಿವಿಯ ಮೇಲ್ಭಾಗ ಎಂದರು. ಅಷ್ಟು ಸಾಲದಂತೆ. ತಲೆಬುರುಡೆಯ ಹೊರಗಿನಿಂದ ಕೇಳುವುದೆಂದರೆ ಪಕ್ಕದ ಮನೆಯ ಜಗಳವನ್ನು ಗೋಡೆಗೆ ಕಿವಿಯಿಟ್ಟು ಕೇಳಿದ ಹಾಗೆ, ಜಗಳ ಇದೆ ಎಂದು ಗೊತ್ತಾಗುತ್ತದೆ, ಯಾವ ಕೋಣೆಯಲ್ಲಿ ಎಂದು ತಿಳಿಯುವುದಿಲ್ಲ. ಆಪರೇಷನ್ ಹೊತ್ತಿಗೆ ಬುರುಡೆ ತೆರೆದು, ಮಿದುಳಿನ ಮೇಲೆಯೇ ವಾಯರು ಕೂಡಿಸಿದ ಸಣ್ಣ ಪಟ್ಟಿ ಇಟ್ಟು, ಅಲ್ಲಿಯ ಅಲೆಗಳನ್ನು ನೇರವಾಗಿ ನೋಡಿ, ಎಲ್ಲಿ ಕೆಟ್ಟಿದೆಯೋ ಅಷ್ಟನ್ನೇ ತೆಗೆಯಬೇಕು. ಆದರೆ ಮಾತಿನ ಜಾಗವೂ ಅಲ್ಲೇ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ನಡುವೆ ನನ್ನನ್ನು ಎಚ್ಚರವಾಗಿಟ್ಟು ಮಾತಾಡಿಸಬೇಕು.

"ಕೆಟ್ಟ ಜಾಗವೂ ಮಾತಿನ ಜಾಗವೂ ಒಂದೇ ಆಗಿದ್ದರೆ?" ಎಂದು ಅಪ್ಪ ಕೇಳಿದ. ಆಸ್ಪತ್ರೆಯಲ್ಲಿ ಅವನು ಪುಸ್ತಕದ ಕನ್ನಡ ಮಾತಾಡುತ್ತಿದ್ದ.

"ಅಷ್ಟನ್ನು ಮುಟ್ಟದೆ ಬಿಟ್ಟು ಬರ್ತೀವಿ" ಎಂದರು ಡಾಕ್ಟರಮ್ಮ. "ಆಗ ಫಿಟ್ಸ್ ಪೂರ್ತಿ ನಿಲ್ಲುತ್ತೆ ಅಂತ ಮಾತು ಕೊಡೋಕಾಗಲ್ಲ."

"ಬಿಡಬ್ಯಾಡ್ರೀ, ತೆಗೆದುಬಿಡ್ರೀ" ಎಂದೆ ನಾನು. "ಮಾತಾಡಿ ಮಾತಾಡಿ ಸಾಕಾಗ್ಯಾದ ನನಗ. ನನಗ ಚಿಲಕ ಬೇಕು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಬಚ್ಚಲಿನ ಕಥೆಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಸ್ಟಾಪುಗಳನ್ನು ಒಂದೊಂದಾಗಿ ಹೇಳಿಸಿಕೊಂಡು, ತಾವೂ ನನ್ನ ಹಿಂದೆಯೇ ಹೇಳಿ ಬಾಯಿಪಾಠ ಮಾಡಿಕೊಂಡರು. "ಕುರಿ ದೊಡ್ಡಿ ಆದಮೇಲೆ ಹಳ್ಳಾನಾ, ಮಸ್ಕೀನಾ?" ಎಂದು ಹೋಗುವಾಗಲೂ ಬಾಗಿಲಲ್ಲಿ ನಿಂತು ಕೇಳಿದರು. ಅಪ್ಪ ಅವರನ್ನು ತಿದ್ದಿದ. ಅವರು ಹೋದಮೇಲೆ ನನ್ನ ಕಡೆ ತಿರುಗಿ ಅಪ್ಪ, "ಮಾತು ಹೋದ್ರ ನೀ ಯಾರ ಕೂಡ ಜಗಳಾಡ್ತೀಯಬೇ?" ಎಂದ. ನಾನು ಮುಸುಕು ಹಾಕಿಕೊಂಡೆ. ನನಗೆ ಹೆದರಿಕೆಯಾಗಿತ್ತು. ಅಷ್ಟೇ ಹೇಳಬೇಕು, ಹೆದರಿಕೆಯಾಗಿತ್ತು.

ಆಪರೇಷನ್ ದಿನ ಮೈಮೇಲಿನದೆಲ್ಲ ತೆಗೆಯಬೇಕು ಎಂದರು. ಕೊರಳ ಲಿಂಗವನ್ನು ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಎಡ ಅಂಗೈಯಲ್ಲಿ ಹಿಡಿದು ಬಲಗೈ ಮುಚ್ಚಿದಳು. ನಾನು ಹೊರಗೆ ಬರುವ ತನಕ ಅವಳು ಆ ಕೈ ತೆಗೆಯಲಿಲ್ಲ ಎಂದು, ನೀರನ್ನೂ ತಾನೇ ಕುಡಿಸಬೇಕಾಯಿತು ಎಂದು ಅಪ್ಪ ಆಮೇಲೆ ಹೇಳಿದ.

ಒಳಗಿನದು ನನಗೆ ನೆನಪಿರುವುದು ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ಕಂಡ ಊರುಗಳು ನೆನಪಿರುವ ಹಾಗೆ, ಅಲ್ಲೊಂದು ಇಲ್ಲೊಂದು. ಮೊದಲು ಮಲಗಿಸಿದ್ದರು. ಎಚ್ಚರವಾದಾಗ ತಲೆ ಅಲುಗಾಡದ ಹಾಗೆ ಹಿಡಿದಿಟ್ಟಿತ್ತು. ಕಣ್ಣ ಮೇಲೆ ಹಸಿರು ಬಟ್ಟೆಯ ಚಪ್ಪರ, ಅದರಾಚೆ ಬೆಳಕು. ಒಂದು ಕ್ಷಣ ಕೆನಾಲು ದಾಟಿದೆವು ಅಂದುಕೊಂಡೆ. ಚಪ್ಪರದ ಕೆಳಗೆ ಡಾಕ್ಟರಮ್ಮನ ಮುಖ. ತಲೆಯ ಹಿಂದೆ, ಕಾಣದ ಕಡೆ, ಆಪರೇಷನ್ ಮಾಡುವ ದೊಡ್ಡ ಡಾಕ್ಟರು. ಅವರು ನನಗೆ ಬರೀ ದನಿಯಾಗಿದ್ದರು. ನೋವಿರಲಿಲ್ಲ. ಮಿದುಳಿಗೆ ನೋವು ಗೊತ್ತಾಗುವುದಿಲ್ಲವಂತೆ. ಇಷ್ಟು ವರ್ಷ ಊರಿನವರಿಗೆಲ್ಲ ನೋವು ಕೊಟ್ಟದ್ದು ತನಗೆ ಮಾತ್ರ ಇಟ್ಟುಕೊಂಡಿಲ್ಲ, ನೋಡಿ.

"ಪಟ್ಟಿ ಇಡ್ತಿದ್ದೀವಿ. ಈಗ ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿ" ಎಂದಿತು ಹಿಂದಿನ ದನಿ.

ಎಲ್ಲರೂ ಸುಮ್ಮನಾದರು. ಕೋಣೆಯಲ್ಲಿ ಅಷ್ಟು ಜನ ನನ್ನ ತಲೆಯೊಳಗಿನದನ್ನು ಕೇಳುತ್ತ ಉಸಿರು ಹಿಡಿದು ನಿಂತಿದ್ದರು. ನನಗೆ ನಾಚಿಕೆಯಾಯಿತು. ಬಚ್ಚಲಿಗೆ ಚಿಲಕ ಬೇಕೆಂದು ಬಂದವಳು ಇಲ್ಲಿ ತಲೆಬುರುಡೆಯ ಬಾಗಿಲನ್ನೂ ತೆರೆದಿಟ್ಟು ಮಲಗಿದ್ದೆ. ಡಾಕ್ಟರಮ್ಮ ಪಕ್ಕದ ಪರದೆಯ ಮೇಲೆ ಹರಿಯುವ ಗೆರೆಗಳನ್ನು ನೋಡುತ್ತ, ಅಲ್ಲಿ, ಇಲ್ಲಿ ಎಂದು ಬೆರಳು ತೋರಿಸುತ್ತಿದ್ದರು. ಆಮೇಲೆ ನನ್ನ ಕಡೆ ಬಗ್ಗಿ, "ಈಗ ವಾರದ ಹೆಸರು ಹೇಳ್ತೀರಾ, ಬಸ್ ಬಿಡ್ತೀರಾ?" ಎಂದರು.

"ವಾರ ಹೇಳಾಕ ನಾ ಏನು ಅಂಗನವಾಡಿ ಹುಡುಗೇನ್ರೀ" ಎಂದೆ. ಬಾಯಿ ಒಣಗಿತ್ತು. ಹಿಂದೆ ಯಾರೋ ಮೆಲ್ಲಗೆ ನಕ್ಕರು. ನಾನು ಬಸ್ಸು ಬಿಟ್ಟೆ.

ಲಿಂಗಸುಗೂರು, ಕೋರ್ಟು, ಬೇವಿನ ಗಿಡ. ದೊಡ್ಡ ಡಾಕ್ಟರು ಮಿದುಳಿನ ಒಂದೊಂದೇ ಜಾಗಕ್ಕೆ ಸಣ್ಣ ಕರೆಂಟು ಮುಟ್ಟಿಸುತ್ತಿದ್ದರು, ಮುಟ್ಟಿದಾಗ ಮಾತು ನಿಂತರೆ ಅದು ಕೈಹಾಕಬಾರದ ಜಾಗ. ನೋಡಿದ ಜಾಗಗಳ ಮೇಲೆ ನಂಬರು ಬರೆದ ಸಣ್ಣ ಕಾಗದದ ಚೂರು ಇಡುತ್ತಿದ್ದರಂತೆ. ಇದನ್ನು ಆಮೇಲೆ ಕೇಳಿ ಅಪ್ಪನಿಗೆ ಬಹಳ ಖುಷಿಯಾಯಿತು, ಮಗಳ ಮಿದುಳಿಗೂ ಟಿಕೆಟ್ ಹರಿದು ಕೊಟ್ಟರು ಎಂದು. ಕ್ವಾರಿ, ಕುರಿ ದೊಡ್ಡಿ, ಹಳ್ಳ. ಹೇಳುತ್ತ ಹೇಳುತ್ತ ಹಸಿರು ಬಟ್ಟೆಯ ಬೆಳಕಿನಲ್ಲಿ ನಾನು ನಿಜವಾಗಿ ಹೋಗುತ್ತಲೇ ಇದ್ದೆ. ಮಸ್ಕಿ, ಗುಡ್ಡ, ಕೆನಾಲು. ಗಾಳಿ ತಣ್ಣಗಾಯಿತು. ಮುಂದಿನ ಸ್ಟಾಪು ಕಣ್ಣೆದುರಿಗೆ ಬಂತು. ರಸ್ತೆ ಕವಲಾಗುವ ಜಾಗ, ಚಹಾದ ಡಬ್ಬಿ ಅಂಗಡಿ, ನಾಟಿ ಮುಗಿಸಿ ಕೆಸರು ಕಾಲಲ್ಲಿ ನಿಂತ ಹೆಣ್ಣುಮಕ್ಕಳು, ಎಲ್ಲ ಇದೆ. ಹೆಸರಿಲ್ಲ. ಬಾಯಿ ತೆರೆದೆ, ಏನೂ ಬರಲಿಲ್ಲ.

"ನಿಂತಿತು" ಎಂದರು ಡಾಕ್ಟರಮ್ಮ. ಹಿಂದಿನವರು ಕೈ ತೆಗೆದರು, ಹೆಸರು ತಾನೇ ಬಾಯಿಗೆ ಬಂತು, ಬಳಗಾನೂರು ಕ್ರಾಸು. ಮತ್ತೆ ಮುಟ್ಟಿದರು, ಮತ್ತೆ ಹೋಯಿತು. ಬಿಟ್ಟರು, ಬಂತು.

ಪಕ್ಕದ ಜಾಗ ಮುಟ್ಟಿದ ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಪರದೆಯ ಕಡೆಯೇ ನೋಡುತ್ತ, "ಈಗ ನಿಮಗೆ ಏನೋ ಆಗುತ್ತೆ. ಏನು ಅಂತ ಹೇಳಿ" ಎಂದರು. ಅವರು ಹೇಳಿ ಮುಗಿಸಿದ ಮೇಲೆ ನನಗೆ ವಾಸನೆ ಬಂತು. ಬೆಚ್ಚಗೆ, ಸಿಹಿಯಾಗಿ, ಹೊಟ್ಟು ಸುಟ್ಟ ಹಾಗೆ.

"ಭತ್ತಕ್ಕ ಹಬೆ ಕೊಡಾಕತ್ಯಾರ" ಎಂದೆ.

ನನ್ನ ಕನಸು ನನಗಿಂತ ಮೊದಲು ಅವರಿಗೆ ಕಂಡಿತ್ತು. ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡದ್ದು ಅಲ್ಲಿ ಪರದೆಯ ಮೇಲೆ ಗೆರೆಯಾಗಿ ಕುಣಿಯುತ್ತಿತ್ತು. ಹೊಟ್ಟೆಯಿಂದ ಅದು ಏರತೊಡಗಿತು. ಈ ಬಟ್ಟೆ, ಈ ಬೆಳಕು, ಈ ಮುಖ, ಎಲ್ಲ ಹಿಂದೆ ಆಗಿಹೋಗಿದೆ, ಇನ್ನೇನು ಯಾರೋ ಆ ಮಾತು ಹೇಳುತ್ತಾರೆ. "ನೀರು ಹಾಕಿ" ಎಂದಿತು ಹಿಂದಿನ ದನಿ. ತಲೆಯೊಳಗೆ ನೀರು ಸುರಿಯುವ ಸದ್ದು ಕೇಳಿತು. ತಣ್ಣೀರು ಹಾಕಿ ಆ ಅಲೆಯನ್ನು ಮಲಗಿಸುತ್ತಾರಂತೆ. ಮಲಗಿತು. ಜೀವನದಲ್ಲಿ ಮೊದಲ ಸಲ ಅದು ಅರ್ಧ ದಾರಿಯಲ್ಲಿ ನಿಂತು ಹಿಂದಕ್ಕೆ ಹೋಯಿತು, ನಾನು ಇದ್ದಲ್ಲೇ ಉಳಿದೆ. ಅಳು ಬಂತು. ಯಾಕೆ ಎಂದು ಡಾಕ್ಟರಮ್ಮ ಕೇಳಿದರು. "ಅದನ್ನ ಕಳಿಸಾಕತ್ತೀರಿ" ಎಂದೆ. ಅವರು ಬಟ್ಟೆಯ ಕೆಳಗೆ ಕೈ ಹಾಕಿ ನನ್ನ ಕೈ ಹಿಡಿದುಕೊಂಡರು.

ತೆಗೆದರು. ತೆಗೆದು ಮತ್ತೆ ಪಟ್ಟಿ ಇಟ್ಟು, ಮತ್ತೆ ಎಲ್ಲರೂ ಸುಮ್ಮನಾಗಿ ನೋಡಿದರು. ಅಂಚಿನಲ್ಲಿ ಇನ್ನೂ ಸ್ವಲ್ಪ ಇತ್ತು, ಅದನ್ನೂ ತೆಗೆದು ಮತ್ತೆ ನೋಡಿದರು. ಕಡೆಗೆ ಒಂದು ಜಾಗದಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಸಣ್ಣ ಅಲೆ ಉಳಿಯಿತು. ಅದು ಯಾವ ಜಾಗವೆಂದು ಅವರು ಮಾತಾಡಿಕೊಂಡದ್ದು ನನಗೆ ಕೇಳಿಸಿತು.

"ಬಳಗಾನೂರು ಕ್ರಾಸ್ ಬಿಡೋಣ ಸರ್" ಎಂದರು ಡಾಕ್ಟರಮ್ಮ.

"ಬಿಡೋಣ" ಎಂದಿತು ದನಿ.

ತೆಗೀರಿ ಎಂದು ಕೂಗಬೇಕೆಂದುಕೊಂಡೆ. ನಿದ್ದೆಯ ಮದ್ದು ಆಗಲೇ ಹತ್ತಿತ್ತು.

ಊರಿಗೆ ಬಂದಮೇಲೆ ಬಹಳ ದಿನ ನಾನು ಡಾಕ್ಟರಮ್ಮನ ಮೇಲೆ ಸಿಟ್ಟಿನಲ್ಲೇ ಇದ್ದೆ. ಹೋದದ್ದು ಚಿಲಕಕ್ಕಾಗಿ, ತಂದದ್ದು ಕಾಯುವ ಕೆಲಸ. ಗುಳಿಗೆ ಬಿಡುವಂತಿಲ್ಲ, ಒಬ್ಬಳೇ ಇರುವಂತಿಲ್ಲ, ನೋಡೋಣ, ನೋಡೋಣ. ಮೇಲಿಂದ ಮಾತು ತೊಡರುತ್ತಿತ್ತು. ಊತ ಇಳಿಯುವ ತನಕ ಹಾಗೇ ಎಂದಿದ್ದರು. ಸ್ಟಾಪು ಹೇಳುತ್ತ ಕೆನಾಲಿನ ತನಕ ಬಂದವಳು ಅಲ್ಲಿ ನಿಂತುಬಿಡುತ್ತಿದ್ದೆ. ಅವ್ವ ಬಾಗಿಲು ನೂಕಿ ಒಳಗೆ ಬರುತ್ತಿದ್ದಳು. "ಬರೋಬ್ಬರಿ ಅದೀನಿ, ಹೆಸರು ಸಿಗವಲ್ದು" ಎಂದರೆ ಅವಳೇ ಹೇಳಿಕೊಡದೆ ನನ್ನ ಬಾಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಒಂದು ಮುಂಜಾನೆ ಅದು ತಾನೇ ಬಂತು. ಆಮೇಲೆ ಹೋಗಲಿಲ್ಲ.

ಒಂದು ಸಂಜೆ ಅಂಗಳದಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದಾಗ ಆ ವಾಸನೆ ಬಂತು. ಕೈ ನಿಂತಿತು.

"ಅವ್ವ, ನಿನಗ ಏನಾರ ವಾಸನಿ ಬಂತೇನು?"

ಅವಳು ಮೂಗೆತ್ತಿ ನೋಡಿ, "ಬಂತು. ಗಿರಣ್ಯಾಗ ಹಬೆ ಬಿಟ್ಟಾರ" ಎಂದಳು. ನಾನು ದಾರ ಹಿಡಿದುಕೊಂಡು ಕಾದೆ. ಹೊಟ್ಟೆಯಿಂದ ಏನೂ ಏರಲಿಲ್ಲ. ಬರೀ ಭತ್ತದ ವಾಸನೆ, ಊರಿನವರಿಗೆಲ್ಲ ಬರುವಂಥದ್ದು. ಖುಷಿಯೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು. ಆ ಯಾರೋ ಬಂದು ಹೇಳಬೇಕಾಗಿದ್ದ ಮಾತು ಏನೆಂದು ಇನ್ನು ನನಗೆ ಗೊತ್ತಾಗುವುದಿಲ್ಲ.

ಮುಂಗಾರು ಭತ್ತ ಕೊಯ್ದರು, ಬೇಸಿಗೆ ಭತ್ತವನ್ನೂ ಕೊಯ್ದರು, ಕೆನಾಲಿನ ನೀರು ನಿಲ್ಲಿಸಿ ಮತ್ತೆ ಬಿಟ್ಟರು. ಹೋಲ್ಡಾನ್ ಆಗಲಿಲ್ಲ. ದೊಡ್ಡ ಊರಿಗೆ ತೋರಿಸಲು ಹೋದಾಗ ಡಾಕ್ಟರಮ್ಮ ಗೆರೆಗಳನ್ನೆಲ್ಲ ನೋಡಿ, ಗುಳಿಗೆ ಮುಂದುವರಿಸಿ ಎಂದು ಹೇಳಿ, ಎದ್ದು ಹೊರಟ ನನ್ನನ್ನು ಮತ್ತೆ ಕೂಡಿಸಿದರು. "ಆ ಜಾಗ ಸುಮ್ಮನಿದೆ. ಮುಂದೆಯೂ ಹೀಗೇ ಇರುತ್ತೆ ಅಂತ ನಾನು ಹೇಳಲ್ಲ. ಆದರೆ ಚಿಲಕ ಹಾಕ್ಕೊಳ್ಳಿ" ಎಂದರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಅಪ್ಪ ಚರ್ಮದ ಚೀಲದಿಂದ ಅರಿವೆಯ ಗಂಟು ತೆಗೆದ. ಚಿಲಕಕ್ಕೆ ಜಂಗು ಹಿಡಿದಿತ್ತು. ಎಣ್ಣೆ ಹಾಕಿ ಉಜ್ಜಿ, ಅವೇ ಹಳೇ ತೂತುಗಳಿಗೆ ಅವೇ ಸ್ಕ್ರೂ ಕೂಡಿಸಿದ. ಹಾಕಿ ತೆಗೆದು, ಹಾಕಿ ತೆಗೆದು ನೋಡಿದ. "ರೈಟ್" ಎಂದು ಹೇಳಿ ಡ್ಯೂಟಿಗೆ ಹೋದ.

ನಾನು ಒಳಗೆ ಹೋಗಿ ಚಿಲಕ ಹಾಕಿದೆ. ತೂತುಗಳು ಮುಚ್ಚಿದ್ದರಿಂದ ಬಿಸಿಲಿನ ದಾರಗಳು ಇರಲಿಲ್ಲ, ಬಚ್ಚಲು ಮಬ್ಬಾಗಿತ್ತು. ಮೊದಲ ತಂಬಿಗೆ ನೀರು ಹಾಕಿಕೊಂಡೆ. ಬಾಯಿ ಅಭ್ಯಾಸಬಲದಿಂದ ಲಿಂಗಸುಗೂರಿಗೆ ಹೋಗಿತ್ತು, ಗಟ್ಟಿಯಾಗಿ ಮುಚ್ಚಿದೆ. ನೀರು ಬೀಳುವ ಸದ್ದನ್ನು ನಾನು ಅಲ್ಲಿಯವರೆಗೆ ಸರಿಯಾಗಿ ಕೇಳಿರಲೇ ಇಲ್ಲ. ಹೆಗಲಿಂದ ಇಳಿದು, ಕಲ್ಲಿಗೆ ಬಡಿದು, ಮೋರಿಯ ಕಡೆ ಹೋಗುವ ಸದ್ದು. ಎಷ್ಟೋ ಹೊತ್ತು ಅದನ್ನೇ ಕೇಳುತ್ತ ಕೂತೆ.

ಆಮೇಲೆ ನೀರಿನ ಸದ್ದಿನ ಹಿಂದೆ ಇನ್ನೊಂದು ಸದ್ದು ಕೇಳಿತು. ಬಾಗಿಲ ಹೊರಗೆ ಯಾರೋ ಬಹಳ ಸಣ್ಣ ದನಿಯಲ್ಲಿ ಗುಣುಗುಟ್ಟುತ್ತಿದ್ದರು. ತಂಬಿಗೆ ಕೆಳಗಿಟ್ಟು ಕಿವಿಗೊಟ್ಟೆ. ಅವ್ವ. ಮಣೆ ಹಾಕಿಕೊಂಡು ಇದ್ದಲ್ಲೇ ಕೂತಿದ್ದಳು. ಶಿವನಾಮವಲ್ಲ. ಕ್ವಾರಿ, ಕುರಿ ದೊಡ್ಡಿ, ಹಳ್ಳ, ಮಸ್ಕಿ, ನಾನು ಹೇಳದ ಸ್ಟಾಪುಗಳನ್ನು ಅವಳು ಹೇಳುತ್ತಿದ್ದಳು. ಗುಡ್ಡ, ಕೆನಾಲು. ಅಲ್ಲಿ ನಿಂತಳು. ಇಷ್ಟು ವರ್ಷ ಕೇಳಿದ್ದಳೇ ಹೊರತು ಒಮ್ಮೆಯೂ ತಾನೇ ಹೇಳಿರಲಿಲ್ಲ. ಕೆನಾಲು, ಕೆನಾಲು ಎಂದು ತಡವರಿಸುತ್ತಿದ್ದಳು.

"ಬಳಗಾನೂರು ಕ್ರಾಸು, ಅವ್ವ" ಎಂದೆ ಒಳಗಿನಿಂದ.

"ಹೂಂ" ಎಂದಳು. ಸ್ವಲ್ಪ ತಡೆದು, "ಕ್ಯಾಂಪು" ಎಂದಳು.

ನಾನು ಚಿಲಕ ತೆಗೆಯಲಿಲ್ಲ. ಇನ್ನೊಂದು ತಂಬಿಗೆ ನೀರು ತುಂಬಿ ತಲೆಯ ಮೇಲೆ ಸುರಿದುಕೊಂಡೆ.